ಭಾವದ ಹೆಸರೂ ಭಾವಚಿಕಿತ್ಸೆಯೂ

ಬಾಸ್ಟನ್ ನಗರದ ಮನೋವೈದ್ಯ ಪೀಟರ್ ಸಿಫ್ನಿಯೋಸರ 1973ರ ಲೇಖನದಿಂದ ‘ಅಲೆಕ್ಸಿಥೈಮಿಯ’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಗ್ರೀಕಿನ ‘ಅ’ ಸಂಸ್ಕೃತದ ನಞಿನಂತೆ ಅಭಾವಸೂಚಕ. ‘ಲೆಕ್ಸಿಸ್’ ಎಂದರೆ ಮಾತು, ‘ಥ್ಯೂಮೊಸ್’ ಎಂದರೆ ಹೃದಯದ ಆವೇಗ. ಒಳಗಿನ ಭಾವಕ್ಕೆ ಮಾತಿಲ್ಲದಿರುವಿಕೆಯೆಂದು ಒಟ್ಟರ್ಥ.

ಈ ಹೆಸರಿಗೆ ಅವ್ಯಾಪ್ತಿದೋಷವುಂಟು. 1994ರಲ್ಲಿ ಪ್ರಕಟವಾದ 20 ವಾಕ್ಯಗಳ ಟೊರಾಂಟೊ ಮಾಪಕವು ಮೂರು ಲಕ್ಷಣಗಳನ್ನು ಎಣಿಸುತ್ತದೆ: ಭಾವವನ್ನು ಗುರುತಿಸಲಾರದಿರುವುದು, ಅದನ್ನು ವರ್ಣಿಸಲಾರದಿರುವುದು, ಮನಸ್ಸು ಹೊರಗಿನ ಸಂಗತಿಗಳಲ್ಲಿಯೇ ಸಂಚರಿಸುವುದು. ಹೆಸರು ಎರಡನೆಯದನ್ನು ಮಾತ್ರ ಹೇಳುತ್ತದೆ. (ಮಾಪಕದಲ್ಲಿಯೂ ತೊಡಕುಂಟು, ತನ್ನ ಭಾವವನ್ನರಿಯದವನನ್ನೇ ಅದರ ವಿಷಯದಲ್ಲಿ ಸಾಕ್ಷಿಗೆ ಕರೆಯುತ್ತದೆ.) ಆದುದರಿಂದ ಇದನ್ನು ಕನ್ನಡದಲ್ಲಿ ‘ಭಾವಮೂಕತೆ’ ಎನ್ನುವುದು ಸರಿಯಾಗದು. ಅಂಥವನು ಮೂಕನಲ್ಲ. ತಂದೆಯ ಮರಣವನ್ನು ಕುರಿತು ಕೇಳಿದರೆ ಆಸ್ಪತ್ರೆಗೆ ಸೇರಿಸಿದ ಗಂಟೆ, ತೆತ್ತ ಹಣ, ಬಂದ ನೆಂಟರು ಎಲ್ಲವನ್ನೂ ಹೇಳಿಯಾನು; ದುಃಖವಾಯಿತೇ ಎಂದರೆ ಎದೆ ಬಿಗಿಯಿತೆನ್ನುವನು. ‘ಭಾವಾನಭಿಜ್ಞತೆ’ ಎಂಬುದು ಕಿವಿಗೆ ಕಠೋರವಾದರೂ ಅರ್ಥಕ್ಕೆ ಹತ್ತಿರ. ಇದು ಸ್ವತಂತ್ರವಾದ ರೋಗವಲ್ಲ, ಸ್ವಭಾವಲಕ್ಷಣ. ‘ರೋಗಿ’ ಎಂಬ ಮಾತು ಇಲ್ಲಿ ಉಪಚಾರಮಾತ್ರ.

ಚಿಕಿತ್ಸೆಯ ವಿಚಾರದಲ್ಲಿ ಆಲಂಕಾರಿಕರ ಕಡೆಯಿಂದ ಒಂದು ಪೂರ್ವಪಕ್ಷವು ಏಳುತ್ತದೆ. ರಸವು ಸ್ವಶಬ್ದವಾಚ್ಯವಲ್ಲವೆಂದು ಆನಂದವರ್ಧನನ ಮತ. ಮಮ್ಮಟನಂತೂ ಭಾವವನ್ನು ಅದರ ಹೆಸರಿನಿಂದಲೇ ಹೇಳುವುದನ್ನು ರಸದೋಷಗಳಲ್ಲಿ ಮೊದಲನೆಯದಾಗಿ ಎಣಿಸಿರುವನು. ಹೀಗಿರಲು ‘ಇದು ಕೋಪ, ಇದು ಭಯ’ ಎಂದು ಕಲಿಸುವ ವೈದ್ಯನು ಶಬ್ದವನ್ನು ಕೊಟ್ಟನೇ ಹೊರತು ಭಾವವನ್ನು ಕೊಡಲಿಲ್ಲವಷ್ಟೆ? ಆಕ್ಷೇಪವು ಅರ್ಧ ನಿಜ. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ಚಿಕಿತ್ಸೆಯಾಗಿದ್ದರೆ ನಾಟ್ಯಶಾಸ್ತ್ರದ 49 ಭಾವಗಳನ್ನು ಒಪ್ಪಿಸುವ ವಿದ್ಯಾರ್ಥಿಗಳೆಲ್ಲರೂ ಹೃದಯಜ್ಞರಾಗಬೇಕಾಗಿತ್ತು. ಪಾಠಶಾಲೆಗಳ ಅನುಭವ ಹಾಗಿಲ್ಲ.

ಉಳಿದರ್ಧವು ನಿಲ್ಲದು. ಆ ನಿಯಮವು ಸಹೃದಯನನ್ನು ಕುರಿತದ್ದು. ರನ್ನನ ಗದಾಯುದ್ಧದಲ್ಲಿ ಭೀಮನ ಗರ್ಜನೆಯನ್ನು ಕೇಳಿದ ದುರ್ಯೋಧನನಿಗೆ ವೈಶಂಪಾಯನ ಸರೋವರದ ಜಲದಲ್ಲಿ ಮುಳುಗಿದ್ದರೂ ಮೈಯಲ್ಲಿ ಬೆವರು ಹುಟ್ಟುತ್ತದೆ. ಸ್ವೇದವು ಸಾತ್ತ್ವಿಕಭಾವ; ಓದುಗನು ವಿಭಾವವನ್ನರಿತಿರುವುದರಿಂದ ಬೆವರಿನಲ್ಲಿಯೇ ಕ್ರೋಧವನ್ನು ಕಾಣುವನು. ಇಲ್ಲಿಯ ರೋಗಿಗಾದರೋ ಬೆವರು ಮಾತ್ರ ತಿಳಿಯುತ್ತದೆ. ಗರ್ಜನೆಗೂ ಅದಕ್ಕೂ ಇರುವ ಸಂಬಂಧ ತಿಳಿಯದು. ಜ್ವರವೆಂದು ಬಗೆದು ವೈದ್ಯರಿಂದ ವೈದ್ಯರಿಗೆ ಅಲೆಯುವನು. ತನ್ನ ವಿಷಯದಲ್ಲಿ ತಾನೇ ಸಹೃದಯನಲ್ಲದವನಿಗೆ ವ್ಯಂಜನೆಯಿಂದೇನು ಪ್ರಯೋಜನ?

ಅಂತರ್ದೃಷ್ಟಿಯನ್ನೇ ನೆಚ್ಚಿದ ಮನೋವಿಶ್ಲೇಷಣೆಯು ಇಂಥವರಿಗೆ ಹಿತವಲ್ಲ, ಆಸರೆ ಕೊಡುವ ಚಿಕಿತ್ಸೆಯೇ ಮೇಲೆಂದು ಸಿಫ್ನಿಯೋಸರು ವಾದಿಸಿದ್ದರು. ಆ ನಿರಾಶೆ ತುಸು ಅತಿಯಾಯಿತು. ಈ ಕೊರತೆಯನ್ನೇ ಲಕ್ಷಿಸಿ ನಡೆಸಿದ ಚಿಕಿತ್ಸೆಗಳಿಂದ ಅದು ಸ್ವಲ್ಪಮಟ್ಟಿಗೆ ತಗ್ಗಿದುದು ಈಚಿನ ಪರಿಶೋಧನೆಗಳಲ್ಲಿ ಕಂಡುಬಂದಿದೆ. ಉಚಿತವಾದ ಕ್ರಮವು ಅನುಭಾವದಿಂದ ವಿಭಾವಕ್ಕೆ ಹೋಗುವುದು. ಎದೆ ಬಿಗಿದುದು ಯಾವಾಗ, ಎದುರಿಗೆ ಯಾರಿದ್ದರು, ಅವರು ಏನೆಂದರು ಎಂಬುದನ್ನೆಲ್ಲ ವಿಚಾರಿಸಿದ ಬಳಿಕವೇ ಹೆಸರು. ಅವಸರದಿಂದ ಹೆಸರಿಟ್ಟ ವೈದ್ಯನಿಗೆ ರೋಗಿಯು ವಿನಯದಿಂದ ‘ಹೌದು’ ಎಂದುಬಿಡುವನು. ಆ ‘ಹೌದು’ ಮಮ್ಮಟನು ಹೇಳಿದ ದೋಷವೇ ಸರಿ.