ಬಾಲ ಬಿಡಿ, ಬೆನ್ನು ನೋಡಿ

ತಿಮಿಂಗಿಲ ನೋಡಲು ದೋಣಿ ಹತ್ತಿದವರೆಲ್ಲ ಬಾಲ ಎದ್ದೀತೆಂದು ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಪೈಲಟ್ ತಿಮಿಂಗಿಲದ ಗುರುತು ಸಿಗುವುದು ಮಾತ್ರ ಬೆನ್ನಿನ ರೆಕ್ಕೆಯಲ್ಲಿ. ಕಪ್ಪು ಮೈ, ಮೂತಿಯೇ ಇಲ್ಲವೆನ್ನುವಂಥ ಉಬ್ಬು ಹಣೆ. ನಡುಬೆನ್ನಿಗಿಂತ ಸಾಕಷ್ಟು ಮುಂದೆ, ಬುಡ ಅಗಲವಾಗಿ ಹಿಂದಕ್ಕೆ ಬಾಗಿದ ಗಿಡ್ಡ ರೆಕ್ಕೆ. ಬಲಿತ ಗಂಡಿನದು ದಪ್ಪ ಕೊಕ್ಕೆಯೇ ಸರಿ. ಫಾಲ್ಸ್ ಕಿಲ್ಲರ್ ವೇಲ್ ಎಂಬ ಇನ್ನೊಂದು ಕರಿಯ ಪ್ರಾಣಿಯನ್ನು ಇದೆಂದುಕೊಳ್ಳುವವರುಂಟು. ಅದರ ರೆಕ್ಕೆ ತೆಳ್ಳಗೆ, ಬೆನ್ನಿನ ನಡುವೆ ಇರುತ್ತದೆ. ಅಂದಹಾಗೆ, ಎರಡೂ ಹೆಸರಿಗಷ್ಟೇ ತಿಮಿಂಗಿಲ, ಕುಟುಂಬ ಡಾಲ್ಫಿನ್‌ಗಳದು.

ಪೈಲಟ್‌ಗಳಲ್ಲಿ ಎರಡು ಪ್ರಭೇದ. ಪಕ್ಕದ ರೆಕ್ಕೆ ಗಿಡ್ಡವೋ ಉದ್ದವೋ ಎಂಬುದರ ಮೇಲೆ ವಿಂಗಡಣೆ. ಆದರೆ ಆ ರೆಕ್ಕೆ ನೀರಿನಡಿ ಇರುತ್ತದಲ್ಲ! ಊರು ನೋಡಿ ಹೇಳುವುದೇ ಜಾಣತನ: ಜಿಬ್ರಾಲ್ಟರ್ ಜಲಸಂಧಿಯಲ್ಲಿ ಉದ್ದ ರೆಕ್ಕೆಯದು, ಕ್ಯಾನರಿ ದ್ವೀಪಗಳಲ್ಲಿ ಗಿಡ್ಡ ರೆಕ್ಕೆಯದು. ನಮ್ಮ ಬೆಚ್ಚನೆಯ ಕಡಲಿನಲ್ಲಿರುವುದೂ ಗಿಡ್ಡ ರೆಕ್ಕೆಯದೇ.

ಕ್ಯಾನರಿಯ ಟೆನೆರಿಫೆ ಮತ್ತು ಲಾ ಗೊಮೆರಾ ನಡುವಿನ ನೀರಿನಲ್ಲಿ ಇವು ವರ್ಷವಿಡೀ ಸಿಗುತ್ತವೆ. ಹಗಲಲ್ಲಿ ಹಿಂಡಿಗೆ ಹಿಂಡೇ ಅಕ್ಕಪಕ್ಕ ತೇಲುತ್ತ ಬಿದ್ದಿರುವುದೇ ಹೆಚ್ಚು. 'ಇಷ್ಟೇನಾ?' ಎಂದು ಪ್ರವಾಸಿಗರು ಮುಖ ಸಿಂಡರಿಸುತ್ತಾರೆ. ನನಗೆ ಅದೇ ನೋಡತಕ್ಕ ದೃಶ್ಯ. ಮೈಗೆ ಟ್ಯಾಗ್ ಅಂಟಿಸಿ ಅಲ್ಲಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಈ ಸೋಮಾರಿಗಳು ಸುಮಾರು 1,000 ಮೀಟರ್ ಆಳಕ್ಕಿಳಿದು, ಬೇಟೆಯ ಹಿಂದೆ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ನುಗ್ಗುತ್ತವೆಂದು ಗೊತ್ತಾಯಿತು. ಆಳಕ್ಕೆ ಮುಳುಗುವ ಪ್ರಾಣಿ ಉಸಿರು ಉಳಿಸಲು ನಿಧಾನವಾಗಿ ಈಜುತ್ತದೆಂಬುದು ಅಲ್ಲಿಯವರೆಗಿನ ನಂಬಿಕೆ. ಇವು ಉಸಿರನ್ನು ಒಂದೇ ಓಟಕ್ಕೆ ಸುರಿದುಬಿಡುತ್ತವೆ. ಮುಖ್ಯ ಆಹಾರ ಸ್ಕ್ವಿಡ್, ನಮ್ಮ ಕರಾವಳಿಯವರ ಬೊಂಡಾಸ್.

ಹಿಂಡೆಂದರೆ ತಾಯಿಯ ಮನೆ. ಮಗಳಷ್ಟೇ ಅಲ್ಲ, ಬೆಳೆದ ಮಗನೂ ಅಮ್ಮನ ಜೊತೆಗೇ ಉಳಿಯುತ್ತಾನೆ. ಗಿಡ್ಡ ರೆಕ್ಕೆಯ ಹೆಣ್ಣು ನಲವತ್ತರ ಹೊತ್ತಿಗೆ ಮರಿ ಹಾಕುವುದನ್ನು ನಿಲ್ಲಿಸಿದರೂ ಅರವತ್ತು ದಾಟಿ ಬದುಕಬಲ್ಲದು. ಅಜ್ಜಿಯರಿರುವ ಹಿಂಡು ಪ್ರಾಣಿಲೋಕದಲ್ಲಿ ಅಪರೂಪ. ಈ ಒಗ್ಗಟ್ಟೇ ಕೆಲವೊಮ್ಮೆ ಮುಳುವಾಗುತ್ತದೆ: ತಮಿಳುನಾಡಿನ ಮನಪಾಡು ಕರಾವಳಿಯಲ್ಲಿ 1973ರಲ್ಲಿ, ಮತ್ತೆ 2016ರಲ್ಲಿ ಹಿಂಡುಗಳು ದಡಕ್ಕೆ ಬಂದು ಬಿದ್ದವು. 2016ರಲ್ಲಿ ಮೀನುಗಾರರು ಕಡಲಿಗೆ ಎಳೆದೊಯ್ದು ಬಿಟ್ಟವುಗಳಲ್ಲೂ ಹಲವು ತಿರುಗಿ ದಡಕ್ಕೇ ಬಂದವು.

ಟೆನೆರಿಫೆಗೆ ಹೋಗುವವರು ದೋಣಿಯವರನ್ನು ಮೊದಲೇ ಕೇಳಿಕೊಳ್ಳಿ. ಸ್ಪೇನಿನ ಕಾನೂನಿನಂತೆ 60 ಮೀಟರ್ ದೂರ ಕಾಯಬೇಕು. 'ಮುಟ್ಟುವಷ್ಟು ಹತ್ತಿರ ಒಯ್ಯುತ್ತೇವೆ' ಎನ್ನುವವರ ದೋಣಿ ಹತ್ತಬೇಡಿ, ದುರ್ಬೀನು ಒಯ್ಯಿರಿ.