ಮುಟ್ಟಿದ್ದನ್ನು ಅರಿಯದ ಟಚ್‌ಪ್ಯಾಡ್

ಲ್ಯಾಪ್‌ಟಾಪಿನ ಕೀಲಿಮಣೆಯ ಮುಂದಿರುವ ನುಣುಪಾದ ಚೌಕ ನಿಮಗೆ ಪರಿಚಿತವಷ್ಟೆ? ಅದೇ ಟಚ್‌ಪ್ಯಾಡ್. ಅದರ ಮೇಲೆ ಬೆರಳಾಡಿಸಿದರೆ ಪರದೆಯ ಮೇಲಿನ ಬಾಣದ ಗುರುತು ಚಲಿಸುತ್ತದೆ. ಮೆಲ್ಲನೆ ತಟ್ಟಿದರೆ ಕಡತ ತೆರೆದುಕೊಳ್ಳುತ್ತದೆ. ಇದೇ ತತ್ತ್ವದ ಸ್ಪರ್ಶ ನಿಯಂತ್ರಣಗಳು ಇಂಡಕ್ಷನ್ ಒಲೆ, ಬಟ್ಟೆ ಒಗೆಯುವ ಯಂತ್ರ ಹಾಗೂ ಕಾರುಗಳಲ್ಲಿ ಗುಂಡಿ, ತಿರುಪುಗಳ ಜಾಗಕ್ಕೆ ಬಂದಿವೆ. ಹೊಸದಾದುದರಿಂದ ಮೇಲು ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಎಷ್ಟು ಸರಿ? ಭೌತಶಾಸ್ತ್ರದ ನೆರವಿನಿಂದ ಪರಿಶೀಲಿಸೋಣ.

ಅಳೆಯುವುದು ಏನನ್ನು?

ಹೆಸರಿನಲ್ಲಿ 'ಟಚ್' ಇದ್ದರೂ ಸಾಮಾನ್ಯ ಟಚ್‌ಪ್ಯಾಡ್ ಸ್ಪರ್ಶದ ಒತ್ತಡವನ್ನು ಅಳೆಯುವುದಿಲ್ಲ. ಅದು ಅಳೆಯುವುದು ವಿದ್ಯುತ್ ಧಾರಕತೆಯ ಬದಲಾವಣೆಯನ್ನು. ಹೊದಿಕೆಯ ಅಡಿಯಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ತೆಳುವಾದ ವಾಹಕ ಪಟ್ಟಿಗಳಿವೆ. ನಮ್ಮ ದೇಹ ವಾಹಕ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಯಾವ ಪಟ್ಟಿಗಳ ಬಳಿ ಬದಲಾವಣೆ ಹೆಚ್ಚು ಎಂಬುದರಿಂದ ಬೆರಳಿನ ಸ್ಥಾನ ತಿಳಿಯುತ್ತದೆ.

ಒಂದು ಸರಳ ಲೆಕ್ಕ ಮಾಡಿ. ಬೆರಳ ತುದಿಯನ್ನೂ ಒಳಗಿನ ಪಟ್ಟಿಯನ್ನೂ ಸಮಾಂತರ ಫಲಕಗಳ ಧಾರಕವೆಂದು ಭಾವಿಸಿ. ಫಲಕದ ಅಳತೆ 5 ಮಿಮೀ × 5 ಮಿಮೀ. ನಡುವೆ 1 ಮಿಮೀ ದಪ್ಪದ ಗಾಜು. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ 7 ಎಂದಿಟ್ಟುಕೊಳ್ಳೋಣ. ಧಾರಕತೆ ಸುಮಾರು 1.5 ಪಿಕೊಫ್ಯಾರಡ್ ಬರುತ್ತದೆ. ಈಗ ಬೆರಳನ್ನು ಗಾಜಿನಿಂದ 1 ಮಿಮೀ ಮೇಲೆತ್ತಿ. ಗಾಜಿನ ಧಾರಕ ಮತ್ತು ಗಾಳಿಯ ಧಾರಕ ಸರಣಿಯಲ್ಲಿ ಸೇರಿದಂತಾಗಿ ಮೌಲ್ಯ ಎಂಟನೆಯ ಒಂದು ಭಾಗಕ್ಕೆ, ಅಂದರೆ 0.2 ಪಿಕೊಫ್ಯಾರಡ್‌ಗೆ ಇಳಿಯುತ್ತದೆ. ಈ ಎರಡರ ನಡುವೆ ಎಲ್ಲೋ ಒಂದು ಗೆರೆ ಎಳೆದು, ಅದನ್ನು ದಾಟಿದರೆ 'ಮುಟ್ಟಿದರು' ಎಂದು ಒಳಗಿನ ಚಿಪ್ ತೀರ್ಮಾನಿಸುತ್ತದೆ. ಬೆರಳು ಆಜ್ಞೆ ಕೊಡಲು ಬಂದದ್ದೋ ಸುಮ್ಮನೆ ಸೋಕಿದ್ದೋ ಎಂಬುದು ಈ ಅಳತೆಯಲ್ಲಿ ಇಲ್ಲ.

ಟೈಪ್ ಮಾಡುವಾಗ ಅಂಗೈ ತಗುಲಿ ಬಾಣ ಎಲ್ಲೋ ಹಾರುವುದಕ್ಕೆ ಇದೇ ಕಾರಣ. ಒದ್ದೆ ಕೈಯಿಂದ ಮುಟ್ಟಿದರೆ ಒಲೆ ಗೊಂದಲಕ್ಕೀಡಾಗುವುದೂ, ಹಾಲು ಉಕ್ಕಿ ಫಲಕದ ಮೇಲೆ ಹರಿದಾಗ ಅದು ತಾನಾಗಿ ಕೂಗಿಕೊಳ್ಳುವುದೂ ಹೀಗೆಯೇ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80 ಅಲ್ಲವೆ? ದಪ್ಪ ಕೈಗವಸು ತೊಟ್ಟರೆ ಇದಕ್ಕೆ ವಿರುದ್ಧವಾಗಿ, ಎಷ್ಟು ಒತ್ತಿದರೂ ಪ್ರತಿಕ್ರಿಯೆಯಿಲ್ಲ.

ಗುಣವೂ ಇದೆ

ಟಚ್‌ಪ್ಯಾಡನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಚೆಂಡಿನ ಮೌಸ್ ಬಳಸಿದ ಅಧ್ಯಾಪಕರಿಗೆ ಅದರೊಳಗೆ ಸೇರುತ್ತಿದ್ದ ಧೂಳು ನೆನಪಿರಬಹುದು. ಇಲ್ಲಿ ಉರುಳುವ ಭಾಗವಿಲ್ಲ, ಹೆಚ್ಚಿನ ಜಾಗವೂ ಬೇಡ. 1994ರಲ್ಲಿ ಆಪಲ್‌ನ ಪವರ್‌ಬುಕ್ 500 ಸರಣಿಯಲ್ಲಿ ಬಂದ ನಂತರ ಲ್ಯಾಪ್‌ಟಾಪ್‌ಗಳಲ್ಲಿ ಇದು ಬಹುಬೇಗ ಹರಡಿದ್ದು ಈ ಕಾರಣಗಳಿಂದಲೇ. ಇನ್ನೊಂದು ಅಂಶ ಮುಖ್ಯ: ಬೆರಳು ಪ್ಯಾಡ್ ಮೇಲಿದ್ದರೂ ಕಣ್ಣು ಪರದೆಯ ಮೇಲಿರುತ್ತದೆ. ಬಾಣ ತಪ್ಪು ದಾರಿ ಹಿಡಿದರೆ ತಕ್ಷಣ ಕಾಣುತ್ತದೆ, ತಿದ್ದಬಹುದು. ಕೈಗೆ ಸಿಗದ ಮಾಹಿತಿಯನ್ನು ಕಣ್ಣು ತುಂಬಿಕೊಡುತ್ತದೆ.

ಕಣ್ಣು ಬೇರೆಡೆ ಇದ್ದಾಗ

ಆದರೆ ವಾಹನ ಚಾಲಕನ ಕಣ್ಣು ರಸ್ತೆಯ ಮೇಲಿರಬೇಕು. ಗುಂಡಿಯಾದರೆ ಬೆರಳು ಮೊದಲು ಹುಡುಕುತ್ತದೆ, ಅದರ ಮೇಲೆ ನಿಲ್ಲುತ್ತದೆ, ಬಳಿಕ ಒತ್ತುತ್ತದೆ. ಸ್ಪರ್ಶ ಫಲಕದಲ್ಲಿ ಹುಡುಕುವುದೇ ಆಜ್ಞೆಯಾಗಿಬಿಡುತ್ತದೆ. ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬುಗಳನ್ನು ಮುಟ್ಟಿ ನೋಡಿ. ಕಣ್ಣಿನ ಸಹಾಯವಿಲ್ಲದೆ ಕೈ ತನ್ನ ಸ್ಥಾನ ಕಂಡುಕೊಳ್ಳಲೆಂದೇ ಅವು ಇವೆ. ನಯವಾದ ಗಾಜಿನಲ್ಲಿ ಅಂಥ ಗುರುತಿಲ್ಲ. ದೃಷ್ಟಿಹೀನರಿಗೆ ಮೊಬೈಲ್ ಫೋನು ಪರದೆಯನ್ನು ಓದಿ ಹೇಳಬಲ್ಲದು. ಸಾಧಾರಣ ಒಲೆ ಹೇಳುವುದು 'ಬೀಪ್' ಎಂದಷ್ಟೆ. ಉರಿ ಹೆಚ್ಚಿತೋ ತಗ್ಗಿತೋ ಅವರಿಗೆ ತಿಳಿಯುವುದೆಂತು?

ಇದರ ಗಂಭೀರ ಉದಾಹರಣೆ ಸಮುದ್ರದಿಂದ ಬಂದಿದೆ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲನೌಕೆಗೆ ಡಿಕ್ಕಿಯಾಗಿ 10 ಮಂದಿ ನಾವಿಕರು ಸತ್ತರು. ವೇಗ ನಿಯಂತ್ರಣವನ್ನು ಒಂದು ಟಚ್‌ಸ್ಕ್ರೀನಿನಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಚುಕ್ಕಾಣಿಯ ನಿಯಂತ್ರಣವೂ ಅರಿವಿಲ್ಲದೆ ವರ್ಗವಾಗಿತ್ತು. ವೇಗ ಇಳಿಸಿದಾಗ ಎರಡು ಚಾಲಕ ದಂಡಗಳ ಪೈಕಿ ಒಂದರದು ಮಾತ್ರ ಇಳಿಯಿತು. ನೌಕೆ ಪಕ್ಕಕ್ಕೆ ತಿರುಗಿತು. ತರಬೇತಿ ಮತ್ತು ಮೇಲ್ವಿಚಾರಣೆಯ ಕೊರತೆಯೂ ದುರಂತಕ್ಕೆ ಕಾರಣವೆಂದು ತನಿಖೆ ಹೇಳಿತು. ಎಲ್ಲ ದೋಷವನ್ನೂ ಪರದೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಎರಡು ಸನ್ನೆಗಳು ಒಟ್ಟಿಗಿಲ್ಲ ಎಂಬುದು ಕೈಗೇ ಗೊತ್ತಾಗುತ್ತದೆ. ಗಾಜಿನ ಮೇಲಿನ ಚಿತ್ರಗಳಿಂದ ಹಾಗೆ ಗೊತ್ತಾಗದು. ಇಂಥ ನೌಕೆಗಳಲ್ಲಿ ಕೈಸನ್ನೆಗಳನ್ನು ಮರಳಿ ತರುವುದಾಗಿ ಅಮೆರಿಕದ ನೌಕಾಪಡೆ 2019ರಲ್ಲಿ ಪ್ರಕಟಿಸಿತು. ಕಾರುಗಳ ಸುರಕ್ಷತೆಗೆ ಅಂಕ ನೀಡುವ ಯೂರೋ ಎನ್‌ಕ್ಯಾಪ್ ಕೂಡ ತನ್ನ 2026ರ ನಿಯಮಗಳಲ್ಲಿ ದಿಕ್ಸೂಚಕ ದೀಪ, ಹಾರ್ನ್, ವೈಪರ್ ಮೊದಲಾದವಕ್ಕೆ ನಿಜವಾದ ಗುಂಡಿ ಅಥವಾ ಸನ್ನೆ ಇರುವುದಕ್ಕೆ ಬೆಲೆ ಕೊಟ್ಟಿದೆ.

ನೀವೇ ಪರೀಕ್ಷಿಸಿ

ಟಚ್‌ಪ್ಯಾಡ್ ಮೇಲೆ ಒಂದೊಂದಾಗಿ ಕಾಗದದ ಹಾಳೆಗಳನ್ನಿರಿಸುತ್ತ ಬೆರಳಾಡಿಸಿ. ಎಷ್ಟನೆಯ ಹಾಳೆಗೆ ಬಾಣ ನಿಲ್ಲುತ್ತದೆಂದು ಗುರುತುಹಾಕಿಕೊಳ್ಳಿ. ಒಣ ಪ್ಲಾಸ್ಟಿಕ್ ಪೆನ್ನಿನಿಂದ ಎಳೆದು ನೋಡಿ. ಬಳಿಕ ಕೈಯಲ್ಲಿ ಹಿಡಿದ ಕ್ಯಾರೆಟ್ಟಿನ ತುದಿಯಿಂದ ಎಳೆಯಿರಿ. ವ್ಯತ್ಯಾಸವೇಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಧಾರಕಗಳ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗುವುದು ಕಷ್ಟ.

ಟೈಪ್ ಮಾಡುವಾಗ ಬಾಣ ಹಾರಿ ತೊಂದರೆಯಾದರೆ, ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಆಗ ಬಾಣ ನಡೆಸಲು ಬೆರಳು, ಕ್ಲಿಕ್ಕಿಗೆ ಒತ್ತಡ ಎಂದು ಎರಡು ಕೆಲಸಗಳು ಬೇರೆಯಾಗುತ್ತವೆ.

ಮುಂದೆ ಒಲೆಯನ್ನೋ ಪ್ರಯೋಗಾಲಯದ ಉಪಕರಣವನ್ನೋ ಕೊಳ್ಳುವಾಗ ಅಂಗಡಿಯಲ್ಲೇ ಒಮ್ಮೆ ಕಣ್ಣುಮುಚ್ಚಿ ಅದನ್ನು ಆರಿಸಲು ಪ್ರಯತ್ನಿಸಿ. ಆಗದಿದ್ದರೆ, ತಿರುಪು ಇರುವ ಮಾದರಿ ಇದೆಯೇ ಎಂದು ಕೇಳಿ. ಕೊಳ್ಳುವವರು ಕೇಳದ ಹೊರತು ತಯಾರಕರಿಗೆ ಅದು ತಿಳಿಯದು.