ರ‍್ಯಾಪ್ ಹಾಡಿನಲ್ಲಿ ಪ್ರಾಸ: ಒಂದು ವಿವೇಚನೆ

೨೦೨೪ರ ಜುಲೈ ತಿಂಗಳಲ್ಲಿ ಹೊರಬಂದ ‘ಬಿಗ್ ಡಾಗ್ಸ್’ ಎಂಬ ಇಂಗ್ಲಿಷ್ ರ‍್ಯಾಪ್ ಹಾಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ ೧೦೦’ ಪಟ್ಟಿಯಲ್ಲಿ ೨೩ನೆಯ ಸ್ಥಾನದವರೆಗೆ ಏರಿತು. ಇದನ್ನು ಹಾಡಿದ ಹನುಮಾನ್‌ಕೈಂಡ್, ಅರ್ಥಾತ್ ಸೂರಜ್ ಚೆರುಕಾಟ್, ಕೇರಳದಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬೆಳೆದು, ಬೆಂಗಳೂರಿನಲ್ಲಿ ಕಲಾವಿದರಾಗಿ ರೂಪುಗೊಂಡವರು. ನಮ್ಮ ರಾಜಧಾನಿಯಿಂದ ಹೊರಟ ದನಿಗೆ ಇಂಥ ಮನ್ನಣೆ ದೊರೆತುದು ಸಂತೋಷದ ಸಂಗತಿಯೇ ಸರಿ. ಆದರೆ ಇದರಿಂದ ಕನ್ನಡದ ರ‍್ಯಾಪ್ ಕಲಿಯಬೇಕಾದುದೇನೆಂಬುದನ್ನು ನಾವು ವಿಚಾರಿಸಬೇಕಾಗಿದೆ.

೧೯೫೮ರಲ್ಲಿ ಆರಂಭವಾದ ಆ ಪಟ್ಟಿಯು ಅಮೆರಿಕದೊಳಗಿನ ಮಾರಾಟ, ರೇಡಿಯೊ ಪ್ರಸಾರ, ಅಂತರ್ಜಾಲದ ಆಲಿಕೆ ಇವುಗಳನ್ನು ಕೂಡಿಸಿ ಸಿದ್ಧವಾಗುತ್ತದೆ. ಹಾಡನ್ನು ಎಷ್ಟು ಕೇಳಿದರೆಂಬುದು ಅದರಿಂದ ತಿಳಿಯುತ್ತದೆ. ಏಕೆ ಕೇಳಿದರೆಂಬುದು ತಿಳಿಯದು. ಈ ಹಾಡಿನ ಚಿತ್ರದಲ್ಲಿ, ಜಾತ್ರೆಗಳಲ್ಲಿ ಕಾಣುವ ಮೃತ್ಯುಕೂಪದ ಗೋಡೆಯ ಮೇಲೆ ಸಾಹಸಿಗರು ವಾಹನ ಓಡಿಸುತ್ತಾರೆ. ಕಣ್ಣಿಗಾದ ಬೆರಗೆಷ್ಟು, ಕಿವಿಗೆ ಬಿದ್ದ ನುಡಿಯ ಬಲವೆಷ್ಟು ಎಂದು ಬೇರ್ಪಡಿಸುವುದು ವಿಮರ್ಶೆಯ ಕೆಲಸ.

ತಾಳದ ಮೇಲೆ ಮಾತನ್ನು ಪ್ರಾಸಬದ್ಧವಾಗಿ ನುಡಿಯುವ ಕಲೆಯೇ ರ‍್ಯಾಪ್. ಇಂಗ್ಲಿಷಿನಲ್ಲಿ ಅಂತ್ಯಪ್ರಾಸವನ್ನು ದುಡಿದು ಪಡೆಯಬೇಕು. ಕನ್ನಡದಲ್ಲಾದರೋ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ ‘ಹೋಗುತ್ತಾನೆ’, ‘ನೋಡುತ್ತಾನೆ’ ಎಂದೊಡನೆ ಪ್ರಾಸವು ತಾನಾಗಿ ಕೂಡಿಬಿಡುತ್ತದೆ. ಶ್ರಮವಿಲ್ಲದೆ ದೊರೆತ ಪ್ರಾಸ ಕಿವಿಯನ್ನು ಎಚ್ಚರಿಸಲಾರದು. ಚಂದನ್ ಶೆಟ್ಟಿ ಮೊದಲಾದವರು ಕನ್ನಡ ರ‍್ಯಾಪಿಗೆ ಕೇಳುಗರನ್ನು ದೊರಕಿಸಿಕೊಟ್ಟಿದ್ದಾರೆ. ಇನ್ನು ಅದಕ್ಕೆ ಬೇಕಾದುದು ತನ್ನದೇ ಆದ ಛಂದಸ್ಸು.

ಆ ಛಂದಸ್ಸಿಗೆ ಸಾಮಗ್ರಿ ನಮ್ಮಲ್ಲಿಯೇ ಇದೆ. ಸಾಲಿನ ಎರಡನೆಯ ಅಕ್ಷರದ ವ್ಯಂಜನ ಹೊಂದುವ ಆದಿಪ್ರಾಸವು ಹಳಗನ್ನಡ ಕಾವ್ಯದ ನಿಯಮವಾಗಿತ್ತು. ೧೯೧೧ರಲ್ಲಿ ಗೋವಿಂದ ಪೈಗಳು ಅದನ್ನು ಕೈಬಿಟ್ಟುದರಿಂದ ಹೊಸ ಕಾವ್ಯಕ್ಕೆ ಬಿಡುಗಡೆಯಾಯಿತು. ಆದರೆ ಓದುವ ಕವಿತೆಗೆ ಸಂಕೋಲೆಯಾದುದು ತಾಳಕ್ಕೆ ನುಡಿಯುವ ಹಾಡಿಗೆ ಊರೆಯಾಗಬಲ್ಲುದು. ‘ಕರಿ’, ‘ಬರ’, ‘ಸೆರೆ’ ಎಂದು ಸಾಲುಗಳು ಮೊದಲಾದರೆ ತಾಳದ ಪೆಟ್ಟೂ ಪ್ರಾಸವೂ ಒಂದೆಡೆ ಕೂಡುತ್ತವೆ. ಕೊನೆಯ ಪ್ರತ್ಯಯವನ್ನು ನೆಚ್ಚಬೇಕಾಗುವುದಿಲ್ಲ.

ಇನ್ನೊಂದು ಸಾಮಗ್ರಿ ಭಾಷೆಗಳ ಬೆರಕೆ. ರ‍್ಯಾಪ್ ನುಡಿಯನ್ನು ಕೆಡಿಸುತ್ತದೆಂಬ ಆಕ್ಷೇಪವನ್ನು ನಮ್ಮ ಬೀದರ ಸೀಮೆಯಿಂದ ನೋಡಿದರೆ ಅದು ನಿಲ್ಲಲಾರದು. ಮೈಲೂರು, ಭಾಲ್ಕಿ, ಔರಾದಗಳಲ್ಲಿ ಕನ್ನಡ, ಮರಾಠಿ, ದಖನಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (೧೮೧೭–೧೮೬೫) ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಉರ್ದುವಿನಿಂದ ಬಂದ ‘ಬಾಕಿ’ಗೆ ಕನ್ನಡದ ‘ಹಾಕಿ’ ಜೊತೆಯಾದಾಗ ಪ್ರಾಸ ಅನಿರೀಕ್ಷಿತವೂ ಆಗುತ್ತದೆ, ಸಹಜವೂ ಆಗಿರುತ್ತದೆ.

ಆದ್ದರಿಂದ ಹನುಮಾನ್‌ಕೈಂಡ್ ಅವರ ಯಶಸ್ಸಿನಲ್ಲಿ ಅನುಕರಣೀಯವಾದುದು ೨೩ ಎಂಬ ಅಂಕೆಯಲ್ಲ, ಅವರ ಇಂಗ್ಲಿಷೂ ಅಲ್ಲ. ತಮಗೆ ಕಿವಿಯಾರೆ ಒಲಿದ ನುಡಿಯಲ್ಲಿಯೇ ಅವರು ಹಾಡಿದರು. ಬೀದರಿನ ತರುಣನೊಬ್ಬನು ತನ್ನ ಬೀದಿಯ ನುಡಿಯನ್ನು ಅದೇ ಶ್ರದ್ಧೆಯಿಂದ ತಾಳಕ್ಕೆ ಹೊಂದಿಸಿದರೆ, ಪಟ್ಟಿಗಳಲ್ಲಿ ಸ್ಥಾನ ದೊರೆಯದಿದ್ದರೂ ಕನ್ನಡ ಛಂದಸ್ಸಿನಲ್ಲಿ ಅವನಿಗೆ ಸ್ಥಾನವುಂಟು ಎಂದು ನಾವು ನಂಬುತ್ತೇವೆ.